ಬೇಸಿಗೆಯ ಹತ್ತು ವಾರ

ಭೌತಶಾಸ್ತ್ರದ ತರಗತಿಗೆ ಅಲ್ಪಸಂಖ್ಯಾತ ಸಮುದಾಯದ ವಿದ್ಯಾರ್ಥಿಯೊಬ್ಬ ಬಂದರೆ ಅವನು ಅಲ್ಲಿಗೆ ತರುವ ವಿಶೇಷ ದೃಷ್ಟಿಯಾದರೂ ಏನು? ಟೆಕ್ಸಸ್ ವಿಶ್ವವಿದ್ಯಾಲಯದ ಪ್ರವೇಶ ನೀತಿಯ ಮೊಕದ್ದಮೆ 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಈ ಅರ್ಥದ ಪ್ರಶ್ನೆಯೊಂದನ್ನು ಕೇಳಿದರು. ಅದಕ್ಕೆ ಉತ್ತರವಾಗಿ ಎರಡು ಸಾವಿರಕ್ಕೂ ಹೆಚ್ಚು ಭೌತವಿಜ್ಞಾನಿಗಳು ಸಹಿ ಹಾಕಿದ ಬಹಿರಂಗ ಪತ್ರ ಹೊರಟಿತು.

ಹಾಸನ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರೊಬ್ಬರು ಆ ಪ್ರಶ್ನೆಯನ್ನೇ ತಮ್ಮ ಹಳೆಯ ವಿದ್ಯಾರ್ಥಿನಿಯ ಮುಂದಿಟ್ಟರು. ಆಕೆ ಈಗ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಕಣಭೌತಶಾಸ್ತ್ರದ ಸಂಶೋಧಕಿ. ಬೇಸಿಗೆ ಬಂತೆಂದರೆ ಪದವಿ ಓದುತ್ತಿರುವ ಹುಡುಗ ಹುಡುಗಿಯರು ಇಂಟರ್ನ್‌ಗಳಾಗಿ ಬಂದು ಆಕೆಯ ಜೊತೆ ಕೆಲಸ ಮಾಡುತ್ತಾರೆ. ರಜೆಗೆ ಊರಿಗೆ ಬಂದ ಆಕೆ ಹಳೆಯ ಕಾಲೇಜಿಗೂ ಬಂದಿದ್ದರು. ಡಿಪಾರ್ಟ್‌ಮೆಂಟಿನ ಕೋಣೆಯಲ್ಲಿ ಮಾತು ಶುರುವಾಯಿತು.

“ಆ ಜಡ್ಜು ಕೇಳಿದ್ದರಲ್ಲಿ ತಪ್ಪೇನಿದೆ ಹೇಳಮ್ಮ,” ಅಂದರು ಮೇಷ್ಟ್ರು. “ನ್ಯೂಟನ್ನನ ನಿಯಮ ಬಡವನಿಗೊಂದು ಬಲ್ಲಿದನಿಗೊಂದು ಇದೆಯಾ? ಎಸೆದವರ ಕುಲಗೋತ್ರ ನೋಡಿಕೊಂಡು ಕಲ್ಲು ಬೀಳುತ್ತಾ?”

“ಇಲ್ಲ ಸರ್. ಕಲ್ಲು ಎಲ್ಲರಿಗೂ ಒಂದೇ ಥರ ಬೀಳುತ್ತೆ. ಹಾಗಿದ್ದ ಮೇಲೆ ಅದು ಹೇಗೆ ಬೀಳುತ್ತೆ ಅಂತ ಅಳೆಯೋ ಕೆಲಸ ಮಾತ್ರ ಯಾಕೆ ಕೆಲವೇ ಜನರ ಕೈಯಲ್ಲಿದೆ? ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇಕಡಾ 13ರಷ್ಟಿದ್ದಾರೆ. ಭೌತಶಾಸ್ತ್ರದಲ್ಲಿ ಪದವಿ ಪಡೆಯೋರ ಪೈಕಿ ಅವರ ಪಾಲು ಶೇಕಡಾ 4ರ ಆಸುಪಾಸು. ಹೆಣ್ಣುಮಕ್ಕಳ ಪಾಲಂತೂ ವರ್ಷಾನುಗಟ್ಟಲೆ ಐದರಲ್ಲಿ ಒಂದು ಅನ್ನೋ ಕಡೆಯೇ ನಿಂತಿತ್ತು. ಪತ್ರ ಬರೆದವರು ಹೇಳಿದ್ದೂ ಇದನ್ನೇ. ಕಪ್ಪು ಹುಡುಗ ಕ್ಲಾಸಿಗೆ ಬರೋದು ಪಕ್ಕದಲ್ಲಿ ಕೂತವರ ತಿಳಿವಳಿಕೆ ಹೆಚ್ಚಿಸೋಕಲ್ಲ, ತಾನು ಭೌತಶಾಸ್ತ್ರ ಕಲಿಯೋಕೆ.”

ಮೇಷ್ಟ್ರು ಒಪ್ಪಿದರೂ ಅಲ್ಲಿಗೆ ಬಿಡಲಿಲ್ಲ. “ಆಯಿತು, ಕೊರತೆ ಇದೆ. ಹತ್ತು ವಾರ ಲ್ಯಾಬಿನಲ್ಲಿ ಕೂರಿಸಿಬಿಟ್ಟರೆ ಅದು ತುಂಬುತ್ತಾ? ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೇ ಇಲ್ಲದ ಊರಿಂದ ಬಂದ ಮಗುವಿಗೆ ಹತ್ತು ವಾರದಲ್ಲಿ ನೀನು ಏನು ಕೊಡ್ತೀಯ?”

ಅದಕ್ಕೆ ಆಕೆ ನೇರ ಉತ್ತರ ಕೊಡದೆ ಜೇಮ್ಸ್ ವೆಸ್ಟ್ ಅವರ ಕಥೆ ಹೇಳಿದರು. ವೆಸ್ಟ್ ಹುಟ್ಟಿದ್ದು 1931ರಲ್ಲಿ, ವರ್ಜೀನಿಯ ರಾಜ್ಯದಲ್ಲಿ. ಕಪ್ಪು ಕುಟುಂಬ; ಮಗ ವೈದ್ಯನಾಗಲಿ ಎಂಬುದು ಮನೆಯವರ ಆಸೆ. ಅವನು ಭೌತಶಾಸ್ತ್ರವೇ ಬೇಕೆಂದು ಹಟ ಹಿಡಿದಾಗ ತಂದೆ ಅವನಿಗೆ ಮೂವರು ಕಪ್ಪು ವಿದ್ವಾಂಸರ ಪರಿಚಯ ಮಾಡಿಸಿದರು. ಮೂವರೂ ರಸಾಯನಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಡಾಕ್ಟರೇಟ್ ಪಡೆದವರು. ಆ ವಿದ್ಯೆಗೆ ದೇಶ ಅವರಿಗೆ ಕೊಟ್ಟಿದ್ದ ಅತಿ ಒಳ್ಳೆಯ ನೌಕರಿ ಅಂಚೆ ಕಚೇರಿಯದು. ಮಗನ ಮೇಲಿನ ಸಿಟ್ಟಿನಿಂದ ತಂದೆ ಹೀಗೆ ಮಾಡಿರಲಿಲ್ಲ. ಅವರಿಗಿದ್ದದ್ದು ಭಯ, ಮತ್ತು ಆ ಭಯಕ್ಕೆ ಆಧಾರವಿತ್ತು.

ವೆಸ್ಟ್ ಜಗ್ಗಲಿಲ್ಲ. ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ ಬೇಸಿಗೆ ರಜೆಯಲ್ಲಿ ನ್ಯೂಜೆರ್ಸಿಯ ಮರೇ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ಗೆ ಇಂಟರ್ನ್ ಆಗಿ ಹೋದರು. ಎರಡು ಕಿವಿಗಳಿಗೆ ಬೀಳುವ ಸದ್ದಿನ ನಡುವೆ ಎಷ್ಟು ಸಣ್ಣ ಕಾಲಾಂತರವನ್ನು ಮನುಷ್ಯ ಗುರುತಿಸಬಲ್ಲ ಎಂದು ಅಲ್ಲಿಯ ಧ್ವನಿವಿಜ್ಞಾನಿಗಳು ಅಳೆಯುತ್ತಿದ್ದರು. ಅದಕ್ಕೆ ಒಳ್ಳೆಯ ಹೆಡ್‌ಫೋನು ಬೇಕಿತ್ತು. ತೆಳುವಾದ ಪಾಲಿಮರ್ ಹಾಳೆಗೆ ನೂರಾರು ವೋಲ್ಟಿನ ಬ್ಯಾಟರಿ ಜೋಡಿಸಿದ ಹೆಡ್‌ಫೋನೊಂದನ್ನು ವೆಸ್ಟ್ ಮಾಡಿಕೊಟ್ಟರು. ಕೆಲವು ತಿಂಗಳಲ್ಲಿ ಅದರ ಸದ್ದು ಕುಗ್ಗಿತು. ಯಾಕೆಂದು ಹುಡುಕುತ್ತಾ ಬ್ಯಾಟರಿ ಕಳಚಿ ನೋಡಿದರೆ, ಬ್ಯಾಟರಿಯಿಲ್ಲದೆಯೂ ಹೆಡ್‌ಫೋನು ನುಡಿಯುತ್ತಿತ್ತು! ವಿದ್ಯುದಾವೇಶ ಆ ಹಾಳೆಯೊಳಗೇ ಸಿಕ್ಕಿಕೊಂಡು ಕೂತಿತ್ತು.

“ಅದೇ ಎಲೆಕ್ಟ್ರೆಟ್,” ಅಂದರು ಆಕೆ. “1957ರಲ್ಲಿ ಬೆಲ್ ಲ್ಯಾಬ್ಸ್ ಅವರನ್ನು ಖಾಯಂ ಮಾಡಿಕೊಂಡಿತು. 1962ರಲ್ಲಿ ಗೆರ್ಹಾರ್ಡ್ ಸೆಸ್ಲರ್ ಜೊತೆ ಸೇರಿ ಎಲೆಕ್ಟ್ರೆಟ್ ಮೈಕ್ರೋಫೋನ್ ಮಾಡಿದರು. ಟೆಫ್ಲಾನ್ ಹಾಳೆ, ಅದರ ಮೇಲೊಂದು ಲೋಹದ ಲೇಪ, ಒಳಗೆ ಆವೇಶ. ಸದ್ದಿಗೆ ಹಾಳೆ ಅದುರಿದರೆ ವೋಲ್ಟೇಜ್ ಏರಿಳಿಯುತ್ತೆ. ಈಗ ಸ್ಮಾರ್ಟ್‌ಫೋನಿಗೆ ಸಿಲಿಕಾನ್ ಮೈಕು ಬಂದಿದೆ, ಸರಿ. ಅದಕ್ಕೆ ಮುಂಚೆ ದಶಕಗಟ್ಟಲೆ ಟೆಲಿಫೋನು, ಟೇಪ್‌ರೆಕಾರ್ಡರು, ಕಿವಿಗೆ ಹಾಕೋ ಹಿಯರಿಂಗ್ ಏಡು ಎಲ್ಲದರಲ್ಲೂ ಇದೇ ಮೈಕು. ಪದವಿ ಓದೋ ಹುಡುಗನ ಬೇಸಿಗೆ ಕೆಲಸದಿಂದ ಬಂದದ್ದು ಸರ್.”

“ಒಬ್ಬ ವೆಸ್ಟ್ ಗೆದ್ದರು ಅಂದರೆ ಎಲ್ಲರೂ ಗೆಲ್ಲುತ್ತಾರಾ?”

“ಇಲ್ಲ. ಆದರೆ ಅವರು ಒಳಗೆ ಹೋದ ಮೇಲೆ ಸುಮ್ಮನೆ ಕೂರಲಿಲ್ಲ.”

ಕಥೆಯ ಈ ಭಾಗವೇ ಹೆಚ್ಚು ಮುಖ್ಯ. ವೆಸ್ಟ್ ಮತ್ತು ಬೆಲ್ ಲ್ಯಾಬ್ಸ್‌ನ ಇತರ ಕಪ್ಪು ನೌಕರರು ಸೇರಿ ಸಂಘ ಕಟ್ಟಿದರು, ಆಡಳಿತದ ಬೆನ್ನು ಹತ್ತಿದರು. ಅಲ್ಪಸಂಖ್ಯಾತ ಸಮುದಾಯದವರ ಪಿಎಚ್.ಡಿ. ಓದಿಗಾಗಿ 1972ರಲ್ಲಿ ಒಂದು ಫೆಲೋಶಿಪ್ ಶುರುವಾಯಿತು. ಎರಡು ವರ್ಷದ ನಂತರ, 1974ರಲ್ಲಿ, ಅಲ್ಪಸಂಖ್ಯಾತ ಸಮುದಾಯದವರಿಗೂ ಹೆಣ್ಣುಮಕ್ಕಳಿಗೂ ಮೀಸಲಾದ ಬೇಸಿಗೆ ಸಂಶೋಧನಾ ಕಾರ್ಯಕ್ರಮ ಬಂತು. ಅದಕ್ಕೂ ಕೆಲವು ವರ್ಷ ಮೊದಲೇ ಷಿಕಾಗೋ ನಗರದ ಪಶ್ಚಿಮಕ್ಕೆ ಬಟೇವಿಯ ಎಂಬ ಊರಿನ ಹೊಲಗಳ ನಡುವೆ ಏಳುತ್ತಿದ್ದ ಕಣಭೌತಶಾಸ್ತ್ರದ ಪ್ರಯೋಗಾಲಯ ಫರ್ಮಿಲ್ಯಾಬ್‌ನಲ್ಲೂ ಇಂಥದೇ ಗಾಳಿ ಬೀಸುತ್ತಿತ್ತು. ಅದರ ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ ಮತ್ತು ಉಪನಿರ್ದೇಶಕ ಎಡ್ವಿನ್ ಗೋಲ್ಡ್‌ವಾಸರ್ ಸೇರಿ 1968ರ ಮಾರ್ಚಿನಲ್ಲಿ ಮಾನವ ಹಕ್ಕುಗಳ ಬಗ್ಗೆ ಪ್ರಯೋಗಾಲಯದ ನೀತಿ ಏನೆಂದು ಲಿಖಿತವಾಗಿ ಹೊರಡಿಸಿದರು. ಅಲ್ಲಿಯ ಕಣ ವೇಗವರ್ಧಕ ಇನ್ನೂ ನಿರ್ಮಾಣವಾಗಿರಲಿಲ್ಲ. ಅದನ್ನು ಕಟ್ಟುವವರು ಯಾರಾಗಿರಬೇಕು ಎಂಬ ಯೋಚನೆ ಮೊದಲೇ ನಡೆದಿತ್ತು. ಅಲ್ಲಿಯ ಬೇಸಿಗೆ ಇಂಟರ್ನ್‌ಶಿಪ್ ಕೂಡ 1970ರ ದಶಕದ ಆರಂಭದ್ದು.

ಮೇಷ್ಟ್ರಿಗೆ ಈ ಇತಿಹಾಸ ಹಿಡಿಸಿತು. ಆದರೆ ಅವರ ಮುಂದಿನ ಪ್ರಶ್ನೆ ದುಡ್ಡಿನದು. “ಇಂಟರ್ನ್‌ಶಿಪ್ ಅಂದರೆ ನಮ್ಮ ಕಡೆ ಪುಕ್ಕಟೆ ದುಡಿಸಿಕೊಂಡು ಒಂದು ಸರ್ಟಿಫಿಕೇಟು ಕೊಡೋದು. ಎಷ್ಟೋ ಕಡೆ ಮಕ್ಕಳಿಂದಲೇ ಫೀಸು ಕಟ್ಟಿಸಿಕೊಳ್ತಾರೆ. ನಿಮ್ಮಲ್ಲಿ ಹೇಗೆ?”

“ಸಂಬಳ ಕೊಡದ ಇಂಟರ್ನ್‌ಶಿಪ್ ಉಳ್ಳವರ ಮಕ್ಕಳಿಗೆ ಮಾತ್ರ ಸರ್. ಅಲ್ಲಿಯ ಬಡ ಮಕ್ಕಳಿಗೆ ಬೇಸಿಗೆ ಅಂದರೆ ರಜೆಯಲ್ಲ, ಮುಂದಿನ ವರ್ಷದ ಫೀಸು ದುಡಿಯೋ ಕಾಲ. ಸೂಪರ್‌ಮಾರ್ಕೆಟ್ಟಿನಲ್ಲಿ ರಾತ್ರಿ ಪಾಳಿ ಮಾಡೋ ಹುಡುಗಿಗೆ ‘ಬಾ, ವಿಜ್ಞಾನ ಕಲಿ, ಕಾಸು ಕೇಳಬೇಡ’ ಅಂದರೆ ಬರೋಕಾಗುತ್ತಾ?”

ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1987ರಲ್ಲಿ ಶುರುಮಾಡಿದ ಆರ್‌ಇಯು ಯೋಜನೆ ಈ ಲೆಕ್ಕವನ್ನು ಸರಿಯಾಗಿ ಗ್ರಹಿಸಿತ್ತು. ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಅನುಭವ ಕೊಡುವುದು ಅದರ ಉದ್ದೇಶ. ಒಂದೊಂದು ಕೇಂದ್ರದಲ್ಲೂ ಹತ್ತರ ಆಸುಪಾಸು ವಿದ್ಯಾರ್ಥಿಗಳು, ಸುಮಾರು ಹತ್ತು ವಾರ. ವಾರಕ್ಕೆ ಆರೇಳು ನೂರು ಡಾಲರ್ ಭತ್ಯೆ. ವಸತಿಗೂ ಪ್ರಯಾಣಕ್ಕೂ ನೆರವು. ಇನ್ನೊಂದು ಷರತ್ತು ಇದಕ್ಕಿಂತಲೂ ಬೆಲೆಯುಳ್ಳದ್ದು: ಸಂಶೋಧನೆಗೆ ಹೆಚ್ಚು ಅವಕಾಶವಿಲ್ಲದ ಕಾಲೇಜುಗಳಿಂದ, ಎರಡು ವರ್ಷದ ಸಮುದಾಯ ಕಾಲೇಜುಗಳೂ ಸೇರಿದಂತೆ, ಕನಿಷ್ಠ ಅರ್ಧದಷ್ಟು ಮಕ್ಕಳನ್ನು ಆರಿಸಬೇಕೆಂದು ನಿಯಮಾವಳಿ ಕೇಳುತ್ತದೆ. ದೊಡ್ಡ ವಿಶ್ವವಿದ್ಯಾಲಯ ತನ್ನ ಹಿತ್ತಲಿನ ಮಕ್ಕಳನ್ನೇ ತುಂಬಿಕೊಂಡು ಕೈತೊಳೆದುಕೊಳ್ಳುವ ಹಾಗಿಲ್ಲ. ಸರ್ಕಾರದ ಹಣ ಹೀಗೆ ಷರತ್ತು ಹಾಕಿಕೊಂಡೇ ಬರಬೇಕು. ಷರತ್ತಿಲ್ಲದಿದ್ದರೆ ಆಯ್ಕೆ ಸಮಿತಿಗಳ ಕಣ್ಣು ಹೆಸರಾಂತ ಕಾಲೇಜುಗಳ ಕಡೆಗೇ ಹೋಗುತ್ತದೆ.

“ಆ ರಾತ್ರಿ ಪಾಳಿಯ ಹುಡುಗಿ ನಿಜವಾಗಿಯೂ ಇದ್ದಳಾ?” ಕೇಳಿದರು ಮೇಷ್ಟ್ರು.

ಇದ್ದಳು. ಸಮುದಾಯ ಕಾಲೇಜಿನಿಂದ ಬಂದವಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಮೊದಲ ವಾರ ಮೀಟಿಂಗುಗಳಲ್ಲಿ ಬಾಯಿಯನ್ನೇ ಬಿಡಲಿಲ್ಲ. ಅವಳಿಗೆ ಕೊಟ್ಟ ಕೆಲಸ ಮ್ಯೂಆನ್ ಎಣಿಸುವ ಉಪಕರಣ ಜೋಡಿಸುವುದು. ಮ್ಯೂಆನ್‌ಗಳು ಆಕಾಶದಿಂದ ಸದಾ ಸುರಿಯುತ್ತಿರುವ ಕಣಗಳು. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಈ ಮಾತು ಓದುತ್ತಿರುವ ಹೊತ್ತಿಗೆ ಓದುಗರ ಅಂಗೈಯನ್ನೂ ಒಂದೆರಡು ಹಾದುಹೋಗಿರುತ್ತವೆ. ಅವುಗಳನ್ನು ಹಿಡಿಯಲು ಸಿಂಟಿಲೇಟರ್ ಎಂಬ ವಿಶೇಷ ಪ್ಲಾಸ್ಟಿಕ್ಕಿನ ಹಲಗೆ ಬೇಕು. ಕಣ ಹಾದಾಗ ಹಲಗೆಯಲ್ಲಿ ಕಣ್ಣಿಗೆ ಕಾಣದಷ್ಟು ಮಂದವಾದ ಮಿಂಚು ಹುಟ್ಟುತ್ತದೆ. ತುದಿಗೆ ಅಂಟಿಸಿದ ಫೋಟೋಮಲ್ಟಿಪ್ಲಯರ್ ಕೊಳವೆ ಅದನ್ನು ವಿದ್ಯುತ್ ಸಂಕೇತವಾಗಿ ಹಿಗ್ಗಿಸುತ್ತದೆ. ಹಲಗೆಗೆ ಮೊದಲು ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಕಪ್ಪು ಕಾಗದ, ಅದರ ಮೇಲೆ ಕಪ್ಪು ಟೇಪು ಸುತ್ತಬೇಕು. ಹೊರಗಿನ ಬೆಳಕು ಎಳ್ಳಷ್ಟೂ ಒಳಗೆ ಹೋಗಕೂಡದು.

“ಎರಡು ಹಲಗೆ ಒಂದರ ಮೇಲೊಂದು ಇಟ್ಟು, ಎರಡರಲ್ಲೂ ಒಟ್ಟಿಗೆ ಮಿಂಚಿದರೆ ಮಾತ್ರ ಮ್ಯೂಆನ್ ಅಂತ ಲೆಕ್ಕ,” ಆಕೆ ಮೇಜಿನ ಮೇಲೆ ಎರಡು ಪುಸ್ತಕ ಜೋಡಿಸಿ ತೋರಿಸಿದರು. “ಹಲಗೆಯ ಅಳತೆ ನೋಡಿದರೆ ಸೆಕೆಂಡಿಗೆ ಹತ್ತರ ಸುತ್ತಮುತ್ತ ಬರಬೇಕು. ಬರ್ತಿದ್ದದ್ದು ಅದರ ಎಷ್ಟೋ ಪಟ್ಟು. ಜೊತೆಯಲ್ಲಿದ್ದ ಹುಡುಗರು, ಇಬ್ಬರೂ ದೊಡ್ಡ ಯೂನಿವರ್ಸಿಟಿಯವರು, ಎಲೆಕ್ಟ್ರಾನಿಕ್ಸ್ ಕೆಟ್ಟಿದೆ ಅಂತ ಬೋರ್ಡು ಬಿಚ್ಚೋಕೆ ಹೊರಟರು. ಇವಳು ಎದ್ದು ಹೋಗಿ ಕೋಣೆಯ ದೀಪ ಆರಿಸಿದಳು. ಎಣಿಕೆ ಇಳೀತು. ಆಮೇಲೆ ಕೊಳವೆಯ ವೋಲ್ಟೇಜು ತಗ್ಗಿಸಿ, ಸಣ್ಣ ಟಾರ್ಚು ಹಿಡ್ಕೊಂಡು ಹಲಗೆಯ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸ್ತಾ ಬಂದಳು. ಕೊಳವೆ ಹಲಗೆಗೆ ಕೂಡೋ ಮೂಲೆಗೆ ಬಂದಾಗ ಎಣಿಕೆ ದಢಕ್ಕನೆ ಏರಿತು. ಟೇಪು ಅಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಅದನ್ನು ಒತ್ತಿ ಮೇಲೊಂದು ಪಟ್ಟಿ ಹಚ್ಚಿದಳು. ಹತ್ತಕ್ಕೆ ಬಂದು ನಿಂತಿತು.”

“ಯಾರು ಹೇಳಿಕೊಟ್ಟಿದ್ದು?”

“ಯಾರೂ ಇಲ್ಲ. ಸರ್, ನಾನು ಹೇಳೋಕೆ ಬಂದದ್ದು ಇದನ್ನೇ. ಅವಳ ಮಾರ್ಕ್ಸ್ ಕಾರ್ಡಿನಲ್ಲಿ ಈ ಬುದ್ಧಿ ಎಲ್ಲೂ ಬರೆದಿಲ್ಲ. ಆ ಹುಡುಗರ ಗ್ರೇಡು ಇವಳಿಗಿಂತ ಮೇಲಿತ್ತು. ಅವಳು ಮುಂದೆ ಅರ್ಜಿ ಹಾಕುವಾಗ ನಾನು ಬರೆದ ಶಿಫಾರಸು ಪತ್ರದಲ್ಲಿ ಗ್ರೇಡಿನ ಮಾತೇ ಎತ್ತಲಿಲ್ಲ. ಈ ಟಾರ್ಚಿನ ವಿಷಯ ಬರೆದೆ.”

ಶಿಫಾರಸು ಪತ್ರದ ತೂಕ ಹೊರಗಿನವರಿಗೆ ತಿಳಿಯುವುದು ಕಡಿಮೆ. ಅಮೆರಿಕದಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ಸಂಶೋಧನೆ ಮಾಡಿಸಿದವರ ಪತ್ರವೇ ಜೀವಾಳ. ಹೆಸರಾಂತ ವಿಶ್ವವಿದ್ಯಾಲಯದ ಮಕ್ಕಳಿಗೆ ಅಂಥ ಪತ್ರ ಬರೆಯುವವರು ಅದೇ ಕಾರಿಡಾರಿನಲ್ಲಿ ಸಿಗುತ್ತಾರೆ. ಸಣ್ಣ ಕಾಲೇಜಿನ ವಿದ್ಯಾರ್ಥಿಗೆ, ಅಲ್ಲಿ ಸಂಶೋಧನೆಯೇ ನಡೆಯದಿದ್ದರೆ, ಬರೆದುಕೊಡುವವರು ಯಾರು? ಬೇಸಿಗೆಯ ಹತ್ತು ವಾರ ಭೌತಶಾಸ್ತ್ರವನ್ನು ಹೆಚ್ಚು ಕಲಿಸದೇ ಹೋಗಬಹುದು. ಆದರೆ ಅವನ ಕೆಲಸವನ್ನು ಕಣ್ಣಾರೆ ಕಂಡು ಸಾಕ್ಷಿ ಹೇಳುವ ಒಬ್ಬರನ್ನು ಅದು ಒದಗಿಸುತ್ತದೆ.

ಪ್ರವೇಶ ಪರೀಕ್ಷೆಗಳ ಕಡೆ ಮಾತು ಹೊರಳಿತು. ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಎರಡು ವಿಶ್ವವಿದ್ಯಾಲಯಗಳು ಹತ್ತಿರ ಹತ್ತಿರದಲ್ಲಿವೆ: ಗುಲಾಮಗಿರಿ ಕೊನೆಗೊಂಡ ಹೊಸತರಲ್ಲಿ, 1866ರಲ್ಲಿ, ಕಪ್ಪು ಜನರ ಶಿಕ್ಷಣಕ್ಕೆಂದು ಹುಟ್ಟಿದ ಫಿಸ್ಕ್, ಮತ್ತು ಶ್ರೀಮಂತ ವ್ಯಾಂಡರ್‌ಬಿಲ್ಟ್. 2004ರಲ್ಲಿ ಎರಡೂ ಕೈಜೋಡಿಸಿ, ಫಿಸ್ಕ್‌ನಲ್ಲಿ ಮಾಸ್ಟರ್ಸ್ ಮುಗಿಸಿದವರನ್ನು ವ್ಯಾಂಡರ್‌ಬಿಲ್ಟ್‌ನ ಪಿಎಚ್.ಡಿ.ಗೆ ದಾಟಿಸುವ ಕಾರ್ಯಕ್ರಮ ಆರಂಭಿಸಿದವು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಖಗೋಳವಿಜ್ಞಾನಿ ಕೀವನ್ ಸ್ಟಾಸನ್, ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಂಕಗಳನ್ನು ನೋಡಿ ಮಕ್ಕಳನ್ನು ಜರಡಿ ಹಿಡಿಯುವ ಪದ್ಧತಿಯ ವಿರುದ್ಧ 2014ರಲ್ಲಿ ಸಹಲೇಖಕರೊಬ್ಬರ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಅಂಕಗಳು ಹೆಣ್ಣುಮಕ್ಕಳನ್ನೂ ಅಲ್ಪಸಂಖ್ಯಾತರನ್ನೂ ಹೊರಗಿಡುತ್ತವೆಯೇ ಹೊರತು ಯಾರು ಒಳ್ಳೆಯ ಸಂಶೋಧಕರಾಗುತ್ತಾರೆಂದು ಸರಿಯಾಗಿ ಹೇಳುವುದಿಲ್ಲ ಎಂಬುದು ಅವರ ವಾದ.

“ಅದಕ್ಕೆ ನಮ್ಮ ಬೆಂಗಳೂರಿನಲ್ಲೇ ಸಾಕ್ಷಿ ಇದೆ,” ಅಂದರು ಮೇಷ್ಟ್ರು. ಈ ಸಲ ಅವರ ದನಿ ಏರಿತ್ತು. “ಅನ್ನಾ ಮಣಿ. 1940ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದು ಸಿ. ವಿ. ರಾಮನ್ ಅವರ ಲ್ಯಾಬ್ ಸೇರಿದರು. ವಜ್ರ, ಮಾಣಿಕ್ಯಗಳ ರೋಹಿತ ತೆಗೆಯೋ ಕೆಲಸ. ಒಂದೊಂದು ಫೋಟೋ ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಿಸಬೇಕು, ರಾತ್ರಿ ಲ್ಯಾಬಿನಲ್ಲೇ ಮಲಗಬೇಕು. ಐದು ಪ್ರಬಂಧ ಪ್ರಕಟಿಸಿದರು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಕೊಟ್ಟರೆ, ನಿನಗೆ ಎಂ.ಎಸ್ಸಿ. ಇಲ್ಲ ಅಂತ ಪಿಎಚ್.ಡಿ.ಯನ್ನೇ ನಿರಾಕರಿಸಿದರು. ಬೆಂಗಳೂರಿನಲ್ಲೇ ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿದೆ ಆ ಥೀಸಿಸ್ಸು. ಕೆಲಸ ಆಗಿದೆ, ಕಣ್ಣೆದುರಿಗಿದೆ, ಆದರೂ ಕಾಗದ ಇಲ್ಲ ಅಂತ ಡಿಗ್ರಿ ಇಲ್ಲ!”

“ಅವರಿಗಿಂತ ಮುಂಚೆ ಕಮಲಾ ಸೊಹೊನಿ,” ಆಕೆ ಸೇರಿಸಿದರು. “ಬಾಂಬೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ಮೊದಲ ಸ್ಥಾನ ಬಂದವರು. 1933ರಲ್ಲಿ ರಾಮನ್ನರು ಹೆಣ್ಣು ಅಂತ ಸೇರಿಸಿಕೊಳ್ಳಲಿಲ್ಲ. ಅವರು ಪಟ್ಟು ಹಿಡಿದ ಮೇಲೆ ಒಂದು ವರ್ಷ ನೋಡೋಣ ಅಂತ ಷರತ್ತು ಹಾಕಿ ಒಳಗೆ ಬಿಟ್ಟರು. ಆ ಒಂದು ವರ್ಷದಿಂದ ಮುಂದಿನ ಹೆಣ್ಣುಮಕ್ಕಳಿಗೆ ಬಾಗಿಲು ತೆರೀತು.”

ಇಬ್ಬರೂ ಸ್ವಲ್ಪ ಹೊತ್ತು ಪಲ್ಸಾರ್ ಎಂಬ ಬಗೆಯ ನಕ್ಷತ್ರಗಳನ್ನು ಕಂಡುಹಿಡಿದ ಜಾಸೆಲಿನ್ ಬೆಲ್ ಬರ್ನೆಲ್ ಅವರ ಬಗ್ಗೆ ಮಾತಾಡಿದರು. ಕೇಂಬ್ರಿಜ್ಜಿಗೆ ತಾನು ತಕ್ಕವಳಲ್ಲ, ಒಂದಲ್ಲ ಒಂದು ದಿನ ಹೊರಗೆ ಕಳಿಸುತ್ತಾರೆ ಎಂಬ ಅಳುಕಿನಿಂದ ತಾನು ಅಷ್ಟೊಂದು ಎಚ್ಚರದಿಂದ ದುಡಿದೆ, ಹಾಗಾಗಿಯೇ 1967ರಲ್ಲಿ ಆ ವಿಚಿತ್ರ ಸಂಕೇತ ಕಣ್ಣಿಗೆ ಬಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. 2018ರಲ್ಲಿ ಬಂದ 30 ಲಕ್ಷ ಡಾಲರ್ ಬಹುಮಾನವನ್ನು, ಭೌತಶಾಸ್ತ್ರದಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆಂದು ಪೂರ್ತಿಯಾಗಿ ಕೊಟ್ಟುಬಿಟ್ಟರು. ಅಳುಕು ಏನೆಂದು ಗೊತ್ತಿದ್ದವರು ಮಾಡಿದ ದಾನ ಅದು.

ಮೇಷ್ಟ್ರ ಬಳಿ ಇನ್ನೊಂದು ಆಕ್ಷೇಪ ಉಳಿದಿತ್ತು, ಮತ್ತು ಅದು ಗಟ್ಟಿಯಾದದ್ದು. “ಇಂಟರ್ನ್‌ಶಿಪ್ ಮಾಡಿದವರು ಹೆಚ್ಚಾಗಿ ಪಿಎಚ್.ಡಿ.ಗೆ ಹೋಗ್ತಾರೆ ಅಂತೀರಿ. ಅರ್ಜಿ ಹಾಕೋ ಛಲ ಇದ್ದವರು ಇಂಟರ್ನ್‌ಶಿಪ್ ಇಲ್ಲದಿದ್ದರೂ ಹೋಗ್ತಿದ್ದರು ಅಂದರೆ?”

“ಆ ಮಾತು ತಳ್ಳಿಹಾಕೋಕಾಗಲ್ಲ ಸರ್. ಛಲದ ಪಾಲೆಷ್ಟು, ಇಂಟರ್ನ್‌ಶಿಪ್ಪಿನ ಪಾಲೆಷ್ಟು ಅಂತ ಬೇರ್ಪಡಿಸೋದು ಕಷ್ಟ. ಹತ್ತು ವಾರದಿಂದಲೇ ಎಲ್ಲ ಆಗುತ್ತೆ ಅಂತ ನಾನೂ ಹೇಳಲ್ಲ.”

ಆಕೆ ಟೀಮ್-ಅಪ್ ವರದಿಯನ್ನು ನೆನೆದರು. ಕಪ್ಪು ವಿದ್ಯಾರ್ಥಿಗಳು ಭೌತಶಾಸ್ತ್ರದಲ್ಲಿ ಯಾಕೆ ಉಳಿಯುತ್ತಿಲ್ಲ ಎಂದು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ನೇಮಿಸಿದ ಕಾರ್ಯಪಡೆ 2020ರ ಜನವರಿಯಲ್ಲಿ ಕೊಟ್ಟ ವರದಿ ಅದು. ಅದು ಎತ್ತಿ ತೋರಿಸಿದ ಅಂಶಗಳು ಐದು: ಇದು ನನ್ನ ಜಾಗ ಎಂಬ ಭಾವ, ನಾನೂ ಭೌತವಿಜ್ಞಾನಿ ಎಂಬ ಅರಿವು, ಓದಿನ ನೆರವು, ಹಣವೂ ಸೇರಿದಂತೆ ವೈಯಕ್ತಿಕ ನೆರವು, ವಿಭಾಗದ ನಾಯಕತ್ವ ಮತ್ತು ವ್ಯವಸ್ಥೆ. ಕಪ್ಪು ಪದವೀಧರರ ಸಂಖ್ಯೆಯನ್ನು 2030ರೊಳಗೆ ಇಮ್ಮಡಿಗೊಳಿಸಬೇಕೆಂದು ವರದಿ ಗುರಿ ಇಟ್ಟಿತು. “ಈ ಐದರಲ್ಲಿ ಮೊದಲ ಎರಡು ಬೇಸಿಗೆಯಲ್ಲಿ ಶುರುವಾಗಬಹುದು,” ಅಂದರು ಆಕೆ. “ಟಾರ್ಚು ಹಿಡಿದ ಮೇಲೆ ಆ ಹುಡುಗಿ ಮೀಟಿಂಗಿನಲ್ಲಿ ಮಾತಾಡತೊಡಗಿದಳು. ಆದರೆ ಸೆಪ್ಟೆಂಬರಿನಲ್ಲಿ ತನ್ನ ಕಾಲೇಜಿಗೆ ಹಿಂತಿರುಗಿದಾಗ ಅಲ್ಲಿ ‘ಏನು ಮಾಡಿ ಬಂದೆ’ ಅಂತ ಕೇಳೋ ಒಬ್ಬ ಮೇಷ್ಟ್ರೂ ಇಲ್ಲದಿದ್ದರೆ, ಬೇಸಿಗೆಯಲ್ಲಿ ಹತ್ತಿದ ದೀಪ ಚಳಿಗಾಲಕ್ಕೆ ಆರಿಹೋಗುತ್ತೆ.”

ಈಗ ಬೇಸಿಗೆಗೇ ಸಂಚಕಾರ ಬಂದಿದೆ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2025ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರ ವೈವಿಧ್ಯಕ್ಕೆಂದು ಮೀಸಲಿದ್ದ ಕಾರ್ಯಕ್ರಮಗಳಿಗೆ ಕೊಡಲಿ ಎತ್ತಿತು. ನ್ಯಾಷನಲ್ ಸೈನ್ಸ್ ಫೌಂಡೇಶನ್ ಅಂಥ ಅನೇಕ ಅನುದಾನಗಳನ್ನು ಅರ್ಧದಲ್ಲೇ ನಿಲ್ಲಿಸಿತು. ಆ ವರ್ಷ ಹಲವು ಆರ್‌ಇಯು ಕೇಂದ್ರಗಳು ನಡೆಯಲೇ ಇಲ್ಲ. ಐವತ್ತು ವರ್ಷ ಹಲವರು ಬೆವರು ಸುರಿಸಿ ಕಟ್ಟಿದ್ದನ್ನು ಒಂದು ಆದೇಶದಿಂದ ಕೆಡವುವುದು ಆ ದೇಶದ ವಿಜ್ಞಾನಕ್ಕೇ ಮಾಡುವ ಅನ್ಯಾಯ.

“ನಮ್ಮಲ್ಲಿ ಕೆಡವೋಕೆ ಇರೋದೇ ಕಡಿಮೆ,” ಅಂದರು ಮೇಷ್ಟ್ರು.

“ಇದೆ ಸರ್. ಇರೋದು ನಮ್ಮ ಮಕ್ಕಳಿಗೆ ಗೊತ್ತಾಗೋದಿಲ್ಲ, ಅಷ್ಟೇ.”

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ರಾಮನ್ 1934ರಲ್ಲಿ ಸ್ಥಾಪಿಸಿದರು. ದೆಹಲಿಯ ಮತ್ತು ಪ್ರಯಾಗ್‌ರಾಜ್‌ನ (ಹಿಂದಿನ ಅಲಹಾಬಾದಿನ) ಎರಡು ಅಕಾಡೆಮಿಗಳ ಜೊತೆ ಸೇರಿ ಅದು ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತಾ ಬಂದಿದೆ. ಎರಡು ತಿಂಗಳು ದೇಶದ ಯಾವುದಾದರೂ ಪ್ರಯೋಗಾಲಯದಲ್ಲಿ ವಿಜ್ಞಾನಿಯೊಬ್ಬರ ಜೊತೆ ಕೆಲಸ. ಫೆಲೋಶಿಪ್ಪಿನ ಹಣವೂ ಪ್ರಯಾಣದ ವೆಚ್ಚವೂ ಸಿಗುತ್ತವೆ. ಇದು ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಕಾಲೇಜು ಅಧ್ಯಾಪಕರಿಗೂ ತೆರೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ತನ್ನದೇ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಮುಂಬೈನ ಟಿಐಎಫ್‌ಆರ್, ಪುಣೆಯ ಐಯೂಕಾ ಕೂಡ ವಿದ್ಯಾರ್ಥಿಗಳನ್ನು ಕರೆಯುತ್ತವೆ.

ಕರೆದ ಮಾತ್ರಕ್ಕೆ ಹಾಸನದ ಹಳ್ಳಿಯ ಹುಡುಗಿ ಹೋಗಿಬಿಡುತ್ತಾಳೆಯೇ? ಮೇಷ್ಟ್ರು ಅಡ್ಡಿಗಳನ್ನು ಒಂದೊಂದಾಗಿ ಮುಂದಿಟ್ಟರು. ಬೇಸಿಗೆ ಕಾರ್ಯಕ್ರಮ ಮೇ ತಿಂಗಳಿಗೆ ಶುರುವಾದರೆ ಸೆಮಿಸ್ಟರ್ ಪರೀಕ್ಷೆ ಜುಲೈವರೆಗೂ ಎಳೆಯುತ್ತದೆ. ಏನು ಮಾಡಬೇಕೆಂದಿದ್ದೀರಿ ಎಂದು ಇಂಗ್ಲಿಷಿನಲ್ಲಿ ಬರೆದುಕೊಡಬೇಕು. ಹನ್ನೆರಡನೆಯ ತರಗತಿಯವರೆಗೆ ಕನ್ನಡದಲ್ಲಿ ಯೋಚಿಸಿದ ಮಗು ಅಲ್ಲಿಯೇ ಪೆನ್ನು ಕೆಳಗಿಡುತ್ತದೆ. ಬೆಂಗಳೂರಿನ ಪಿ.ಜಿ.ಗೆ ಅಡ್ವಾನ್ಸು ಕೊಡಬೇಕು, ಫೆಲೋಶಿಪ್ ಹಣ ಕೈಗೆ ಬರುವುದು ಆಮೇಲೆ. ಮಗಳನ್ನು ಎರಡು ತಿಂಗಳು ಒಬ್ಬಳೇ ಕಳಿಸಲು ಮನೆಯವರನ್ನು ಒಪ್ಪಿಸಬೇಕು.

“ಕೊನೆಯದಕ್ಕೆ ನೀವೇ ಮನೆಗೆ ಹೋಗಿ ಮಾತಾಡಬೇಕು ಸರ್. ನಮ್ಮಪ್ಪನನ್ನು ಒಪ್ಪಿಸಿದ್ದು ನೀವೇ ತಾನೇ?”

ಮೇಷ್ಟ್ರು ಹೌದೆಂದರು. ಉಳಿದ ಅಡ್ಡಿಗಳಿಗೂ ದಾರಿಯಿದೆ. ವಿಶ್ವವಿದ್ಯಾಲಯಗಳು ಪರೀಕ್ಷೆಯ ವೇಳಾಪಟ್ಟಿಯನ್ನು ರಾಷ್ಟ್ರೀಯ ಕಾರ್ಯಕ್ರಮಗಳಿಗೆ ಹೊಂದಿಸಬಹುದು. ಅಕಾಡೆಮಿಗಳು ಮೊದಲ ಕಂತನ್ನು ಮುಂಗಡವಾಗಿ ಕೊಡಬಹುದು, ಕನ್ನಡದಲ್ಲಿ ಬರೆದ ಅರ್ಜಿಯನ್ನು ಸ್ವೀಕರಿಸಬಹುದು, ಆರ್‌ಇಯು ಮಾದರಿಯಲ್ಲಿ ಸಂಶೋಧನೆಯ ಸೌಲಭ್ಯವಿಲ್ಲದ ಕಾಲೇಜುಗಳಿಗೆ ಇಂತಿಷ್ಟು ಸ್ಥಾನ ಎಂದು ಗೊತ್ತುಮಾಡಬಹುದು. ಇವು ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಮೂರು ಅಕಾಡೆಮಿಗಳು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಅರ್ಜಿ ಕರೆಯುತ್ತವೆ. ಅರ್ಜಿಯ ಜೊತೆ ಅಧ್ಯಾಪಕರ ಶಿಫಾರಸು ಬೇಕು. ಪದವಿ ಕಾಲೇಜುಗಳ ಭೌತಶಾಸ್ತ್ರ ಮೇಷ್ಟ್ರುಗಳು ದಯವಿಟ್ಟು ಈ ವರ್ಷ ಆ ಪ್ರಕಟಣೆಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿ ಸುಮ್ಮನಾಗದೆ, ಪ್ರಯೋಗದ ತರಗತಿಯಲ್ಲಿ ಚುರುಕಾಗಿದ್ದೂ ಅಂಕಪಟ್ಟಿಯಲ್ಲಿ ಹಿಂದಿರುವ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಿಸಲಿ, ಮತ್ತು ತಾವೂ ಒಂದು ಅರ್ಜಿ ಹಾಕಲಿ.